ಐಎಂಇಐ ಸರಿಯಾಗಿಯೇ ಇದೆ. ಆದರೂ ಫೋನ್ ನಕಲಿ ಇರಬಹುದೇ?

ಕಲ್ಪತರು ತಿಪಟೂರು (ಪ್ರಶ್ನೆ)

ನಮ್ಮ ತಂದೆಯವರಿಗೆಂದು ಕಳೆದ ವಾರ ಆನ್‌ಲೈನ್‌ನಲ್ಲಿ ಸ್ಯಾಮ್‌ಸಂಗ್ ಹೆಸರಿನ 256 ಜಿಬಿ ಫೋನೊಂದನ್ನು ತರಿಸಿದೆ. ಊರಿನ ಅಂಗಡಿಯವರು ಹೇಳಿದ್ದಕ್ಕಿಂತ ಬೆಲೆ ಹನ್ನೊಂದು ಸಾವಿರ ರೂಪಾಯಿ ಕಡಿಮೆಯಿತ್ತು, ಆಸೆಪಟ್ಟೆನೆಂದು ಒಪ್ಪಿಕೊಳ್ಳುತ್ತೇನೆ. ಪೆಟ್ಟಿಗೆ ಸೀಲ್ ಆಗಿಯೇ ಬಂದಿತ್ತು. *#06# ಒತ್ತಿದಾಗ ಕಾಣುವ ಐಎಂಇಐಯ, ಅಂದರೆ ಫೋನಿನ ಗುರುತಿನ ಸಂಖ್ಯೆಯ, 15 ಅಂಕಿಗಳೂ ಪೆಟ್ಟಿಗೆಯ ಮೇಲಿನ ಅಂಕಿಗಳೂ ಒಂದೇ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಅದೇ ಸಂಖ್ಯೆ ಹಾಕಿದರೆ ಕಂಪನಿಯ ಹೆಸರೂ ಮಾದರಿಯೂ ಸರಿಯಾಗಿಯೇ ಬರುತ್ತವೆ.

ಆದರೆ ತಂದೆಯವರಿಗೆ ಅನುಕೂಲವಾಗಲೆಂದು ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಸೆಟ್ಟಿಂಗ್ಸ್‌ನ ಅರ್ಧ ಮಾತ್ರ ಕನ್ನಡವಾಯಿತು. ಕ್ಯಾಮೆರಾದ ಆಯ್ಕೆಗಳು ಇಂಗ್ಲಿಷ್‌ನಲ್ಲೇ ಉಳಿದವು. ನನ್ನ ಭಾವನವರ ಬಳಿ ಇರುವ ಇದೇ ಮಾದರಿಯ ಫೋನಿನಲ್ಲಿ ಹೀಗಿಲ್ಲ. ಹಿಂತಿರುಗಿಸುವ ಅವಧಿ ಏಳು ದಿನ, ಈಗ ಮೂರು ದಿನ ಉಳಿದಿದೆ. ಸಂಖ್ಯೆ ಸರಿಯಿರುವಾಗ ನಕಲಿ ಎಂದು ವಾದಿಸುವುದಾದರೂ ಹೇಗೆ?

ಹುಬ್ಬಳ್ಳಿ ಮೊಬೈಲ್ ರಿಪೇರಿ

ಸಂಖ್ಯೆ ಸರಿಯಿದೆ ಎಂದರೆ ಅಂಥದ್ದೊಂದು ಅಸಲಿ ಫೋನ್ ಎಲ್ಲೋ ಇದೆ ಎಂದಷ್ಟೇ ಅರ್ಥ. ನಿಮ್ಮ ಕೈಯಲ್ಲಿರುವುದು ಅದೇ ಎಂದಲ್ಲ. ಐಎಂಇಐಯ ಮೊದಲ ಎಂಟು ಅಂಕಿಗಳು ಮಾದರಿಯನ್ನು ಹೇಳುತ್ತವೆ, ಕೊನೆಯದು ಉಳಿದವುಗಳ ಲೆಕ್ಕದಿಂದ ಬರುವ ತಾಳೆಯ ಅಂಕಿ. ಅಸಲಿ ಫೋನಿನ ಸಂಖ್ಯೆಯನ್ನೇ ಪೂರ್ತಿಯಾಗಿ ನಕಲು ಮಾಡಿದರೆ ಈ ತಾಳೆಯೂ ಸರಿಯಾಗಿಯೇ ಬರುತ್ತದೆ. 2020ರಲ್ಲಿ ಮೀರತ್ ಪೊಲೀಸರ ತನಿಖೆಯಲ್ಲಿ 13,500ಕ್ಕೂ ಹೆಚ್ಚು ಫೋನ್‌ಗಳು ಒಂದೇ ಐಎಂಇಐಯಲ್ಲಿ ಓಡುತ್ತಿದ್ದುದು ಬಯಲಾಗಿತ್ತು. ಅವೆಲ್ಲ ನಕಲಿ ಫೋನ್‌ಗಳೆಂದು ನಾನು ಹೇಳುತ್ತಿಲ್ಲ. ಒಂದೇ ಸಂಖ್ಯೆ ಎಷ್ಟು ಕಡೆ ಕೂರಬಲ್ಲದು ಎಂಬುದಕ್ಕೆ ಉದಾಹರಣೆ ಕೊಟ್ಟೆ, ಅಷ್ಟೇ. ಸಂಚಾರ್ ಸಾಥಿಯ ಉತ್ತರದಲ್ಲಿ ಮಾದರಿಯ ಹೆಸರಿನ ಜೊತೆಗೆ ಸ್ಥಿತಿ ಏನೆಂದು ಬರೆದಿದೆ ಎಂಬುದನ್ನೂ ಓದಿ. ಈಗಾಗಲೇ ಬಳಕೆಯಲ್ಲಿದೆ, ನಕಲು ಸಂಖ್ಯೆ ಅಥವಾ ಕಪ್ಪುಪಟ್ಟಿಯಲ್ಲಿದೆ ಎಂದಿದ್ದರೆ ಮುಂದಿನ ಪರೀಕ್ಷೆಯೇ ಬೇಡ.

ನಮ್ಮ ಅಂಗಡಿಗೆ ಇಂಥ 'ಫಸ್ಟ್ ಕಾಪಿ' (ಅಸಲಿಯಂತೆಯೇ ಕಾಣುವ ನಕಲಿ) ಬಂದರೆ ನಾನು ಹೊರಮೈ ನೋಡುವುದಿಲ್ಲ, ಏಕೆಂದರೆ ಪೆಟ್ಟಿಗೆ, ಗಾಜು, ಲೋಗೋ ಎಲ್ಲವನ್ನೂ ಚೆನ್ನಾಗಿಯೇ ಮಾಡಿರುತ್ತಾರೆ. ಭಾರತದಲ್ಲಿ ಮಾರುವ ಸ್ಯಾಮ್‌ಸಂಗ್‌ನಲ್ಲಿ *#0*# ಒತ್ತಿದರೆ ಸಾಮಾನ್ಯವಾಗಿ ಪರದೆ, ಸ್ಪೀಕರ್, ಸೆನ್ಸರ್‌ಗಳ ಪರೀಕ್ಷೆಯ ಚೌಕಗಳು ತೆರೆದುಕೊಳ್ಳುತ್ತವೆ. ಕಾಪಿಯಲ್ಲಿ ಏನೂ ಆಗದೆ ಅಂಕಿಗಳು ಹಾಗೆಯೇ ನಿಂತಿರುತ್ತವೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ, 'ಅಬೌಟ್' ಎಂಬ ಭಾಗದಲ್ಲಿ, ಈ ಸಾಧನ ಗೂಗಲ್‌ನಿಂದ ಪ್ರಮಾಣೀಕೃತವೇ ಎಂದು ಬರೆದಿರುತ್ತದೆ, ಅದನ್ನೂ ನೋಡಿ.

ಎಲ್ಲಕ್ಕಿಂತ ನನಗೆ ನಂಬಿಕೆಯಿರುವುದು ಮೆಮೊರಿ ತುಂಬಿಸುವ ಪರೀಕ್ಷೆ. ಸೆಟ್ಟಿಂಗ್ಸ್ ತೋರಿಸುವ 256 ಜಿಬಿ ಎಂಬುದು ಬರೀ ಬರಹವಾಗಿರಬಹುದು. ಕಂಪ್ಯೂಟರಿನಿಂದ ನಲವತ್ತು ಐವತ್ತು ಜಿಬಿಯಷ್ಟು ವಿಡಿಯೊ ಹಾಕಿ, ಫೋನನ್ನು ಒಮ್ಮೆ ಆರಿಸಿ ಹಚ್ಚಿ, ಕೊನೆಯಲ್ಲಿ ಹಾಕಿದವುಗಳನ್ನು ತೆರೆದು ನೋಡಿ. ಕಳೆದ ತಿಂಗಳು ಗಿರಾಕಿಯೊಬ್ಬರ ಫೋನಿಗೆ ಯಕ್ಷಗಾನದ ವಿಡಿಯೊಗಳನ್ನು ತುಂಬಿಸಿದೆವು. ಎಲ್ಲದರ ಹೆಸರೂ ಗಾತ್ರವೂ ಪಟ್ಟಿಯಲ್ಲಿದ್ದವು, ಮೊದಲ ಎರಡು ಪ್ರಸಂಗ ಚೆನ್ನಾಗಿ ಓಡಿದವು, ಮೂರನೆಯದು ಭಾಗವತರು ಬಾಯಿ ತೆರೆದಲ್ಲೇ ನಿಂತಿತು, ಆಮೇಲಿನ ಒಂದೂ ತೆರೆಯಲಿಲ್ಲ.

ಕರಾವಳಿ ಕನ್ನಡಿಗ

ಐಫೋನ್ ಕೊಳ್ಳುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಆಪ್ ಸ್ಟೋರ್ ಚಿಹ್ನೆಯನ್ನು ಒತ್ತಿದಾಗ ಪ್ಲೇ ಸ್ಟೋರ್ ತೆರೆದರೆ ಅದು ಆಂಡ್ರಾಯ್ಡ್‌ಗೆ ತೊಡಿಸಿದ ವೇಷ. ಅಸಲಿಯೇ ಆಗಿದ್ದರೂ ಹೊಸದೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ: ಮಾದರಿ ಸಂಖ್ಯೆಯ ಮೊದಲ ಅಕ್ಷರ ಎಂ ಆಗಿದ್ದರೆ ಹೊಸದು, ಎಫ್ ಆಗಿದ್ದರೆ ಕಂಪನಿಯೇ ದುರಸ್ತಿ ಮಾಡಿ ಮರಳಿ ಮಾರಿದ್ದು, ಎನ್ ಆಗಿದ್ದರೆ ಯಾರಿಗೋ ಬದಲಿಯಾಗಿ ಕೊಟ್ಟದ್ದು.

ಗ್ರಾಹಕ ಮಿತ್ರ ಮೈಸೂರು

ಪರೀಕ್ಷೆಗಳನ್ನು ಮಾಡುವಾಗ ಬೇರೊಂದು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಪೆಟ್ಟಿಗೆಯ ಮೇಲಿನ ಚೀಟಿಯೂ ಅದರಲ್ಲಿ ಕಾಣಲಿ. ಬಿಲ್ಲನ್ನೂ ಒಮ್ಮೆ ಎದುರಿಗಿಟ್ಟು ನೋಡಿ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮಾರಿದವರ ವಿಳಾಸ ಬೆಂಗಳೂರಿನದಾಗಿದ್ದು ಸಂಖ್ಯೆ ಬೇರೆ ರಾಜ್ಯದ್ದಾಗಿದ್ದರೆ, ಅಥವಾ ಜಿಎಸ್‌ಟಿ ತಾಣದಲ್ಲಿ ಹುಡುಕಿದಾಗ ಅದು ಬಟ್ಟೆ ವ್ಯಾಪಾರಿಯ ಹೆಸರಿಗೆ ಹೋದರೆ, ನಿಮ್ಮ ದೂರಿಗೆ ಅದೇ ಒಳ್ಳೆಯ ಸಾಕ್ಷಿ.

ಏಳು ದಿನದ ಲೆಕ್ಕಕ್ಕೆ ಹೆದರಬೇಕಾಗಿಲ್ಲ, ಆದರೆ ಅದರೊಳಗೇ ಬರವಣಿಗೆಯಲ್ಲಿ ದೂರು ಕೊಡುವುದು ಜಾಣತನ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸರಕು ದೋಷಯುಕ್ತವೋ ನಕಲಿಯೋ ಜಾಹೀರಾತಿನಂತೆ ಇಲ್ಲದ್ದೋ ಆಗಿದ್ದರೆ ಅದನ್ನು ವಾಪಸು ಪಡೆಯುವುದಿಲ್ಲ ಎನ್ನಲು ಮಾರಾಟಗಾರರಿಗೆ ಅವಕಾಶವಿಲ್ಲ; ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಮೀರಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಬೇಸತ್ತು ಆ ಫೋನನ್ನು ಬೇರೆಯವರಿಗೆ ಮಾತ್ರ ದಾಟಿಸಬೇಡಿ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ. ನಾಳೆ ಪೊಲೀಸರು ವಿಚಾರಿಸಿಕೊಂಡು ಬಂದರೆ ಮಾರಿದವರು ನೀವು ಎಂದಾಗುತ್ತದೆ.

ಕಲ್ಪತರು ತಿಪಟೂರು

ಎಲ್ಲರಿಗೂ ಧನ್ಯವಾದಗಳು. *#0*# ಒತ್ತಿದಾಗ ಏನೂ ತೆರೆಯಲಿಲ್ಲ. ತೋಟದ ಹಳೆಯ ವಿಡಿಯೊಗಳನ್ನು ತುಂಬಿಸಿದೆ. ಹದಿನೈದು ಜಿಬಿ ದಾಟಿದ ಮೇಲಿನ ಒಂದೂ ತೆರೆಯುತ್ತಿಲ್ಲ. ಇವೆಲ್ಲದರ ವಿಡಿಯೊ ಸಹಿತ ದೂರು ಕೊಟ್ಟೆ, ಹಣ ಹಿಂತಿರುಗಿಸಲು ಒಪ್ಪಿದ್ದಾರೆ. ಫೋನನ್ನು ಒಯ್ಯಲು ಇವತ್ತು ಬೆಳಿಗ್ಗೆ ಬಂದ ಹುಡುಗ ಮಾಡಿದ ಪರೀಕ್ಷೆ ಒಂದೇ. *#06# ಒತ್ತಿ, ಪೆಟ್ಟಿಗೆಯ ಸಂಖ್ಯೆಯೊಂದಿಗೆ ತಾಳೆ ನೋಡಿ, "ಎಲ್ಲಾ ಸರಿಯಾಗಿದೆ ಸಾರ್" ಎಂದು ಹೇಳಿ ತೆಗೆದುಕೊಂಡು ಹೋದ.