ದಿಬ್ಬದ ಹುಲ್ಲು, ಚಿಕ್ಕಪ್ಪನ ವಿಡಿಯೊ

ಗುಂಪು: ದೊಡ್ಡಮನೆ ಬಳಗ

ಚಿಕ್ಕಪ್ಪ: (ವಿಡಿಯೊ)

ಚಿಕ್ಕಪ್ಪ: ಎಲ್ಲರೂ ನೋಡಿ. ಗುಡ್ಡದ ಮೇಲೆ ಒಬ್ಬ ಟ್ರ್ಯಾಕ್ಟರನ್ನು ಹಲ್ಲಿ ಹರಿದ ಹಾಗೆ ಅಡ್ಡಡ್ಡ ಓಡಿಸಿಕೊಂಡು ಹುಲ್ಲು ಹೊಡೆಯುತ್ತಿದ್ದಾನೆ. ನಮ್ಮ ಮೇಲುಕೋಟೆ ದಿಬ್ಬ ಇದರ ಅರ್ಧ ಕೂಡ ಇಲ್ಲ.

ಚಿಕ್ಕಪ್ಪ: ಶನಿವಾರ ಬಾಡಿಗೆಗೆ ಸ್ಲ್ಯಾಷರ್ ತರಿಸುತ್ತೇನೆ. ನಮ್ಮ ಟ್ರ್ಯಾಕ್ಟರಿಗೆ ಸಿಕ್ಕಿಸಿ ಮಾವಿನ ತೋಪಿನ ಮೇಲಿನ ಹುಲ್ಲೆಲ್ಲ ಒಂದೇ ದಿನಕ್ಕೆ ಬೋಳಿಸಿಬಿಡೋಣ. ವೈರಮುಡಿ ಉತ್ಸವಕ್ಕೆ ಜನ ಬರುತ್ತಾರೆ. ಒಬ್ಬ ಬೀಡಿ ಎಸೆದರೂ ತೋಪು ಹೋದ ಹಾಗೆ.

ಕಿಟ್ಟಿ: ಸೂಪರ್ ಚಿಕ್ಕಪ್ಪ! ನಾನೂ ಬರುತ್ತೇನೆ. ಮಡ್‌ಗಾರ್ಡ್ ಮೇಲೆ ಕೂತು ನಮ್ಮದೂ ಒಂದು ವಿಡಿಯೊ ಮಾಡೋಣ.

ನಾನು: ಚಿಕ್ಕಪ್ಪ, ಆ ವಿಡಿಯೊ ಇನ್ನೊಂದು ಸಲ ನೋಡಿ. ಅದು ನಮ್ಮ ಥರದ ಟ್ರ್ಯಾಕ್ಟರ್ ಅಲ್ಲವೇ ಅಲ್ಲ. ನಾಲ್ಕೂ ಚಕ್ರ ಒಂದೇ ಅಳತೆ. ಗಾಡಿ ಅಗಲ, ತೂಕವೆಲ್ಲ ನೆಲಕ್ಕೆ ಹತ್ತಿರ. ಹುಲ್ಲು ಕೊಯ್ಯುವ ಭಾಗ ಮುಂದೆ ಇದೆ. ಆಲ್ಪ್ಸ್ ಬೆಟ್ಟದ ಹುಲ್ಲಿಗೆ ಅಂತಲೇ ಮಾಡಿದ ಯಂತ್ರ ಅದು. ಸ್ವಿಟ್ಜರ್ಲೆಂಡಿನ ಏಬಿ, ಆಸ್ಟ್ರಿಯಾದ ರಿಫಾರ್ಮ್ ಕಂಪನಿಯವರು ಇಂಥವನ್ನು ಮಾಡುತ್ತಾರೆ. ನಮ್ಮದು ಗದ್ದೆ ಉಳುವುದಕ್ಕೆ, ಕಬ್ಬು ಎಳೆಯುವುದಕ್ಕೆ ಇರುವ ಗಾಡಿ. ಎತ್ತರ ಜಾಸ್ತಿ, ಅಗಲ ಕಡಿಮೆ.

ಚಿಕ್ಕಪ್ಪ: ನೀನು ಹುಟ್ಟೋಕೆ ಮುಂಚಿನಿಂದ ಓಡಿಸುತ್ತಿದ್ದೇನೆ ಕಣವ್ವ. ರಾತ್ರಿ ಹೊತ್ತು ಕಬ್ಬು ಲೋಡು ಹೊತ್ತು ನಾಲೆ ಏರಿ ಮೇಲೆ ಬಂದಿದ್ದೇನೆ.

ನಾನು: ನಿಮ್ಮ ಕೈ ಮೇಲೆ ನನಗೆ ಅನುಮಾನ ಇಲ್ಲ. ಅನುಮಾನ ಇರುವುದು ಮುಂದಿನ ಆಕ್ಸಲ್ ಮೇಲೆ. ಅದು ನಡುವಿನ ಒಂದೇ ಪಿನ್ ಮೇಲೆ ತೂಗಾಡುತ್ತೆ, ಅಲ್ವಾ? ಹಾಗಾಗಿ ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ಹಾಗೆ ಕಂಡರೂ ವಾಲುವಾಗ ಅದಕ್ಕೆ ಆಸರೆ ಮೂರೇ ಕಡೆ: ಹಿಂದಿನ ಎರಡು ಚಕ್ರ, ಮುಂದಿನ ಆ ಪಿನ್. ತೂಕ ಆ ತ್ರಿಕೋನದಿಂದ ಆಚೆ ವಾಲಿತೋ, ಮುಗಿಯಿತು. ಅಡ್ಡಡ್ಡ ಓಡಿಸುವಾಗ ಮೇಲಿನ ಚಕ್ರ ಒಂದು ಹುತ್ತ ಹತ್ತಿ, ಅದೇ ಹೊತ್ತಿಗೆ ಕೆಳಗಿನ ಚಕ್ರ ಒಂದು ಗುಂಡಿಗೆ ಇಳಿದರೆ ಸಾಕು. ನಮ್ಮ ದಿಬ್ಬದಲ್ಲಿ ಹುತ್ತ ಎಷ್ಟಿವೆ ಅಂತ ನಿಮಗೇ ಗೊತ್ತು. ಸೊಂಟದೆತ್ತರ ಹುಲ್ಲಿನಲ್ಲಿ ಒಂದೂ ಕಾಣುವುದಿಲ್ಲ.

ದೊಡ್ಡಪ್ಪ: ಹುಡುಗಿ ಹೇಳುವುದು ಸರಿ ಇರಬಹುದು. ಆದರೆ ಕೂಲಿಗೆ ಜನ ಎಲ್ಲಿ ಸಿಗುತ್ತಾರೆ ಈಗ? ಹೋದ ವರ್ಷ ಬರುತ್ತೇವೆ ಅಂದವರು ಹಬ್ಬ ಕಳೆದರೂ ಬರಲಿಲ್ಲ.

ಚಿಕ್ಕಪ್ಪ: ಹಾಗೆ ಕೇಳಿ ಅಣ್ಣ. ಮೈಸೂರಲ್ಲಿ ಫ್ಯಾನ್ ಕೆಳಗೆ ಕೂತು ಹೇಳುವುದು ಸುಲಭ. ಅದೂ ಅಲ್ಲದೆ ಹೋದ ಸಲ ಟ್ರ್ಯಾಕ್ಟರಿಗೆ ಕಬ್ಬಿಣದ ಟಾಪ್ ಹಾಕಿಸಿದೆನಲ್ಲ. ಮಗುಚಿದರೂ ಅದು ತಡೆಯುತ್ತೆ. ಬೇಕಾದರೆ ಹಳೇ ಕಾರಿನ ಬೆಲ್ಟ್ ಒಂದು ಹಾಕಿಸುತ್ತೇನೆ. ಆಯ್ತಾ?

ನಾನು: ಅಯ್ಯೋ, ಬೆಲ್ಟ್ ಮಾತ್ರ ಬೇಡ!

ನಾನು: ನಿಮ್ಮ ಟಾಪ್ ಇರುವುದು ಬಿಸಿಲಿಗೆ. ಗಾಡಿಯ ಭಾರ ಬಿದ್ದರೆ ತಗಡಿನ ಹಾಗೆ ಮಡಚಿಕೊಳ್ಳುತ್ತೆ. ತಡೆಯುವುದು ಬೇರೆ, ಸೀಟಿನ ಹತ್ತಿರ ನಿಲ್ಲಿಸುವ ಗಟ್ಟಿ ಕಬ್ಬಿಣದ ಕಮಾನು, ಅದಕ್ಕೆ ರೋಲ್ ಬಾರ್ ಅಂತಾರೆ. ಆಕ್ಸಲ್ ಹೌಸಿಂಗಿಗೇ ಬೋಲ್ಟ್ ಮಾಡಿರುತ್ತಾರೆ, ಭಾರ ಹೊತ್ತು ಪರೀಕ್ಷೆಯಲ್ಲಿ ಪಾಸಾಗಿರಬೇಕು. ಸ್ವೀಡನ್ನಿನಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ 1959ರಲ್ಲೇ ಕಡ್ಡಾಯ ಮಾಡಿದರು. ಆಮೇಲೆ ಅಲ್ಲಿ ಮಗುಚಿ ಸಾಯುವವರು ತುಂಬಾ ಕಡಿಮೆಯಾದರು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಬಗ್ಗಿಸಿ ಮಾಡಿಸಿದರೆ ಅದು ರೋಲ್ ಬಾರ್ ಆಗುವುದಿಲ್ಲ.

ನಾನು: ರೋಲ್ ಬಾರ್ ಇದ್ದರೆ ಬೆಲ್ಟ್ ಕಟ್ಟಲೇಬೇಕು, ಇಲ್ಲದಿದ್ದರೆ ಅದರ ಕೆಳಗೇ ಹೋಗಿ ಬೀಳುತ್ತೀರಿ. ರೋಲ್ ಬಾರ್ ಇಲ್ಲದ ಗಾಡಿಯಲ್ಲಿ ಬೆಲ್ಟ್ ಕಟ್ಟಿದರೆ ಗಾಡಿಯ ಜೊತೆಗೇ ನಿಮ್ಮನ್ನೂ ಕಟ್ಟಿ ಹಾಕಿದ ಹಾಗೆ. ಹಿಂದಕ್ಕೆ ಮಗುಚುವ ಗಾಡಿ ನೆಲಕ್ಕೆ ಬರುವುದಕ್ಕೆ ಒಂದೂವರೆ ಸೆಕೆಂಡ್ ಸಾಕು. ಹಾರುತ್ತೇನೆ ಅಂತ ಯಾರೂ ಅಂದುಕೊಳ್ಳಬಾರದು.

ಕಿಟ್ಟಿ: ಹಿಂದಕ್ಕೂ ಮಗುಚುತ್ತಾ?

ನಾನು: ಏರು ಹತ್ತುವಾಗ ಹಿಂದೆ ಸ್ಲ್ಯಾಷರ್ ಭಾರ, ಮುಂದೆ ಹಗುರ. ಕ್ಲಚ್ ಥಟ್ಟನೆ ಬಿಟ್ಟರೆ ಮೂಗು ಎದ್ದೇ ಏಳುತ್ತೆ. ಅದಕ್ಕೇ ಕಡಿದಾದ ಕಡೆ ಸ್ಲ್ಯಾಷರ್ ನಿಲ್ಲಿಸಿ, ನೆಲದಿಂದ ಸ್ವಲ್ಪವೇ ಎತ್ತಿ, ರಿವರ್ಸ್‌ನಲ್ಲಿ ಮೇಲೆ ಹೋಗಬೇಕು. ಕೊಯ್ಯುವುದು ಇಳಿಯುವಾಗ. ಇಳಿಯುವಾಗ ಸಣ್ಣ ಗೇರು, ಕ್ಲಚ್ ಮುಟ್ಟಬಾರದು, ನ್ಯೂಟ್ರಲ್ ಅಂತೂ ಕನಸಲ್ಲೂ ಬೇಡ. ಇನ್ನು ನೀನು ಮಡ್‌ಗಾರ್ಡ್ ಮೇಲೆ ಕೂರುವ ವಿಷಯ. ಕೂರುವುದಿಲ್ಲ. ಸ್ಲ್ಯಾಷರ್ ಹತ್ತಿರವೂ ನಿಲ್ಲುವುದಿಲ್ಲ. ಅದರ ಬ್ಲೇಡಿಗೆ ಕಲ್ಲು ಸಿಕ್ಕರೆ ಗುಂಡಿನ ಹಾಗೆ ಆಚೆ ಬರುತ್ತೆ.

ಚಿಕ್ಕಮ್ಮ: ಪಂಚೆ ಉಟ್ಟುಕೊಂಡು ಹತ್ತಬೇಡಿ ಅಂತ ಅದನ್ನೂ ಬರಿ ಮಗಳೇ. ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು: ಪಂಚೆ, ಹೆಗಲ ಮೇಲಿನ ಟವೆಲ್, ಎರಡೂ ಬೇಡ ಚಿಕ್ಕಪ್ಪ. ಎಂಜಿನ್ನಿನಿಂದ ಸ್ಲ್ಯಾಷರನ್ನು ತಿರುಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ಹೊಡೆಯುತ್ತೆ. ಅಂದರೆ ಸೆಕೆಂಡಿಗೆ ಒಂಬತ್ತು. ಬಟ್ಟೆಯ ತುದಿ ಸಿಕ್ಕರೆ ಬಿಡಿಸಿಕೊಳ್ಳುವ ಹೊತ್ತೇ ಇರುವುದಿಲ್ಲ. ಬಾಡಿಗೆ ಸ್ಲ್ಯಾಷರಿನ ಶಾಫ್ಟಿಗೆ ಪ್ಲಾಸ್ಟಿಕ್ ಕವರ್ ಇದೆಯಾ ನೋಡಿಯೇ ತನ್ನಿ. ಕಿತ್ತು ಬಿಸಾಕಿರುವುದೇ ಜಾಸ್ತಿ.

ಚಿಕ್ಕಪ್ಪ: ಎಲ್ಲಾದಕ್ಕೂ ಬೇಡ ಬೇಡ. ನೀನು ಹೇಳುವ ಬ್ರಷ್ ಕಟರ್, ಅದೇ ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಮಿಷನ್, ಅದೇನು ಸಾಚಾನಾ? ಇಳಿಜಾರಿನಲ್ಲಿ ಕಾಲು ಜಾರಿದರೆ ಬ್ಲೇಡು ನೇರ ಮೊಣಕಾಲಿಗೆ.

ನಾನು: ನಾನು ಇನ್ನೂ ಬ್ರಷ್ ಕಟರ್ ಅಂದೇ ಇಲ್ಲ! ಆದರೂ ಮಾತು ಒಪ್ಪುತ್ತೇನೆ. ಒಣಹುಲ್ಲಿನ ಮೇಲೆ ಕಾಲೂ ಜಾರುತ್ತೆ, ಟೈರೂ ಜಾರುತ್ತೆ. ಅದಕ್ಕೇ ಮೊದಲು ಅಳತೆ ತೆಗೆಯಿರಿ. ಗಾರೆ ಕೆಲಸದವರ ರಸಮಟ್ಟ ಮನೆಯಲ್ಲಿದೆ. ಒಂದು ಮೀಟರ್ ಪಟ್ಟಿಯ ಮೇಲಿನ ತುದಿ ನೆಲಕ್ಕೆ ಇಟ್ಟು, ಪಟ್ಟಿ ಮಟ್ಟ ಮಾಡಿ, ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟು ಅಂತ ಟೇಪ್ ಹಿಡಿಯಿರಿ. 27 ಸೆಂಟಿಮೀಟರ್ ಬಂದರೆ ಅದು 15 ಡಿಗ್ರಿ. ಮೇಲೆ ಕೂತು ಓಡಿಸುವ ಹುಲ್ಲಿನ ಮಿಷನ್‌ಗಳಿಗೇ ಸಾಮಾನ್ಯವಾಗಿ ಹೇಳುವ ಮಿತಿ ಅದು. ರೋಲ್ ಬಾರ್ ಇಲ್ಲದ ನಮ್ಮ ಎತ್ತರದ ಗಾಡಿ ಅಲ್ಲಿಯವರೆಗೂ ಹೋಗಬಾರದು ಅಂತ ನನ್ನ ಲೆಕ್ಕ.

ಚಿಕ್ಕಮ್ಮ: ಬನ್ನೂರು ಕುರಿ ಮಂದೆಯವರು ಜಕ್ಕನಹಳ್ಳಿ ಹತ್ತಿರ ಬಂದಿದ್ದಾರಂತೆ. ಬಿಟ್ಟರೆ ಆಗಲ್ವಾ?

ದೊಡ್ಡಪ್ಪ: ಒಣಗಿ ಕಡ್ಡಿಯಾದ ಹುಲ್ಲು ಕುರಿ ತಿನ್ನುವುದಿಲ್ಲ. ಜೊತೆಗೆ ಮೇಕೆ ಇದ್ದರಂತೂ ಮಾವಿನ ಸಸಿ ಒಂದೂ ಉಳಿಯಲ್ಲ.

*

ಚಿಕ್ಕಪ್ಪ: (ಫೋಟೊ)

ಚಿಕ್ಕಪ್ಪ: ಅಳೆದೆ. ಬಾವಿ ಪಕ್ಕ 12. ಹುಣಸೆಮರದ ಮೇಲೆ 38. ಸಂತೋಷಾನಾ?

ನಾನು: 38 ಸೆಂಟಿಮೀಟರ್ ಅಂದರೆ ಇಪ್ಪತ್ತು ಡಿಗ್ರಿ ದಾಟಿತು. ಅಲ್ಲಿಗೆ ಟ್ರ್ಯಾಕ್ಟರ್ ಬೇಡವೇ ಬೇಡ. ಬಾವಿ ಕಡೆ ಓಡಿಸಿ, ನಾನು ತಕರಾರು ಮಾಡುವುದಿಲ್ಲ. ಎಡ ಬಲ ಬ್ರೇಕಿಗೆ ಕೊಂಡಿ ಹಾಕಿರಿ. ಗದ್ದೆ ಮೂಲೆಯಲ್ಲಿ ತಿರುಗಿಸೋಕೆ ಅಂತ ಯಾವಾಗಲೂ ಬಿಚ್ಚಿಟ್ಟಿರುತ್ತೀರಿ. ಇಳಿಜಾರಿನಲ್ಲಿ ಒಂದೇ ಬ್ರೇಕ್ ತುಳಿದರೆ ಗಾಡಿ ಗಿರ್ರನೆ ತಿರುಗಿ ಹೋಗುತ್ತೆ. ಬದುವಿನ ಅಂಚಿಗೂ ಹೋಗಬೇಡಿ. ಕೆಳಗೆ ಎಷ್ಟು ಆಳ ಇದೆಯೋ ಕಡಿಮೆ ಅಂದರೂ ಅಷ್ಟು ದೂರ ಇರಬೇಕು, ಭಾರಕ್ಕೆ ಮಣ್ಣು ಕುಸಿಯುತ್ತೆ.

ಚಿಕ್ಕಪ್ಪ: ಮೇಲಿನ ಹುಲ್ಲಿಗೆ ಬೆಂಕಿ ಬಿದ್ದರೆ ನಿನ್ನ ಡಿಗ್ರಿ ಬಂದು ಆರಿಸುತ್ತಾ?

ದೊಡ್ಡಪ್ಪ: ಒಂದು ನಿಮಿಷ. ಮೇಲಿನದನ್ನೆಲ್ಲ ಯಾಕೆ ಹೊಡೆಯಬೇಕು? ನಮಗೆ ಬೇಕಿರುವುದು ಬೆಂಕಿ ತೋಪಿಗೆ ಬರದಿರುವುದು. ಅರಣ್ಯ ಇಲಾಖೆಯವರು ಬೆಂಕಿ ರೇಖೆ ತೆಗೆಯುವುದಿಲ್ಲವೇ? ಜನ ಓಡಾಡುವ ದಾರಿ ಪಕ್ಕ ಒಂದು, ತೋಪಿನ ಬೇಲಿ ಉದ್ದಕ್ಕೂ ಒಂದು, ಅಗಲವಾದ ಪಟ್ಟಿ ಕೊಯ್ದು, ಹುಲ್ಲು ಪೂರ್ತಿ ಎತ್ತಿ ಹಾಕಿದರೆ ಆಯಿತು. ಇಬ್ಬರು ಆಳು ಸಾಕು.

ನಾನು: ದೊಡ್ಡಪ್ಪ, ಇದು ಸರಿಯಾದ ಮಾತು. ಇನ್ನೊಂದು ವಿಷಯ, ಸ್ಲ್ಯಾಷರ್ ಬ್ಲೇಡು ಬಂಡೆಗೆ ತಗುಲಿ ಕಿಡಿ ಹಾರಿದರೂ ಒಣಹುಲ್ಲು ಹತ್ತಿಕೊಳ್ಳುತ್ತೆ. ಬಾವಿ ಕಡೆಯೂ ಬೆಳಗಿನ ಬಿಸಿಲು ಏರುವ ಮುಂಚೆ ಮುಗಿಸಿ, ನೀರಿನ ಡ್ರಮ್ ಪಕ್ಕದಲ್ಲಿರಲಿ.

ಚಿಕ್ಕಪ್ಪ: ಸರಿ. ಆಳು ನೀವೇ ಹುಡುಕಿ ಅಣ್ಣ. ಸ್ಲ್ಯಾಷರಿನವನಿಗೆ ಅರ್ಧ ದಿನ ಅಂತ ಫೋನ್ ಮಾಡುತ್ತೇನೆ.

ಚಿಕ್ಕಮ್ಮ: ಪ್ಯಾಂಟ್ ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಕಿಟ್ಟಿ: ನಾನು ಏನು ಮಾಡಲಿ?

ನಾನು: ಶುಕ್ರವಾರ ಸಂಜೆ ಕೋಲು ಹಿಡಿದುಕೊಂಡು ಬಾವಿ ಕಡೆ ಪೂರ್ತಿ ನಡೆದು ಕಲ್ಲು ಆರಿಸು. ಹುತ್ತ, ಗುಂಡಿ ಕಂಡ ಕಡೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟು. ಬೂಟು ಹಾಕಿಕೊಂಡು ಹೋಗು, ಹಾವು ಇರುತ್ತವೆ.

ಕಿಟ್ಟಿ: ಶುಕ್ರವಾರ ನನಗೆ ಇಂಟರ್ನಲ್ಸ್ ಇದೆ ಅಕ್ಕ.

ಚಿಕ್ಕಪ್ಪ: ಸಂಜೆ ಯಾವ ಇಂಟರ್ನಲ್ಸೋ? ಬಾ ಸುಮ್ನೆ.