ಎಂಪಿಗೆ ಕೊಡುವ ಮನವಿಯಲ್ಲಿ ಪೋಸ್ಟ್ ಆಫೀಸ್ ಬಡ್ಡಿ ಬಗ್ಗೆ ಎಂತ ಬರೆಯುವುದು?

ಕುಂಬಳೆಯ ಆರ್‌ಡಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಕುಂಬಳೆ ಕಡೆ ಪೋಸ್ಟ್ ಆಫೀಸ್ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ಕಲೆಕ್ಷನ್ ಮಾಡುವವಳು. ಕಟ್ಟುವವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ ಹೆಂಗಸರು, ಮತ್ತೆ ಪೇಟೆಯ ಸಣ್ಣ ಅಂಗಡಿಯವರು.

ಈಗ ಒಂದು ತಕರಾರು ಎದ್ದಿದೆ. ಅಕ್ಕಪಕ್ಕದ ಮನೆಯ ಇಬ್ಬರು, ಇಬ್ಬರದ್ದೂ ತಿಂಗಳಿಗೆ ಸಾವಿರ. ಒಬ್ಬರು 2021ರಲ್ಲಿ ಶುರು ಮಾಡಿದವರು, ಇನ್ನೊಬ್ಬರು 2023ರ ಕೊನೆಗೆ. ಐದು ವರ್ಷಕ್ಕೆ ಮೊದಲಿನವರಿಗೆ ಸುಮಾರು 69,700, ಎರಡನೆಯವರಿಗೆ 71,366ರ ಹತ್ತಿರ ಬರುವ ಲೆಕ್ಕ. "ಕಟ್ಟಿದ್ದು ಒಂದೇ, ನನಗೆ ಮಾತ್ರ ಕಡಿಮೆ ಯಾಕೆ?" ಅಂತ ನನ್ನನ್ನೇ ಹಿಡಿದು ಕೇಳುತ್ತಾರೆ. ನಿಮ್ಮ ಬಡ್ಡಿ 5.8 ಪರ್ಸೆಂಟ್, ಅವರದ್ದು 6.7 ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. "ಈ 5.8 ಹಾಕಿದ್ದು ಯಾರು?" ಅಂದರು. ನನ್ನ ಬಾಯಿ ಕಟ್ಟಿತು.

ಮುಂದಿನ ವಾರ ಎಂಪಿ ನಮ್ಮ ಕಡೆ ಬರುತ್ತಾರಂತೆ. ಒಂದು ಮನವಿ ಕೊಡುವ ಅಂತ ಇದ್ದೇವೆ. "ಬಡ್ಡಿ ದರ ಹೆಚ್ಚಿಸಲು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಅಂತ ಒಬ್ಬರು ಬರೆದು ಕೊಟ್ಟಿದ್ದಾರೆ. ಇಷ್ಟು ಬರೆದರೆ ಸಾಕಾ? ಪಾರ್ಲಿಮೆಂಟಲ್ಲಿ ಒಬ್ಬ ಎಂಪಿ ಕೇಳಿದರೆ ಏನಾದರೂ ಆಗುತ್ತದಾ, ಅಥವಾ ಸುಮ್ನೆ ಫೋಟೋಗೆ ಮಾತ್ರವಾ?

ಪೆರ್ಲದವ:

ಫೋಟೋಗೆ ಮಾತ್ರ ಅಕ್ಕ. ಪಾರ್ಲಿಮೆಂಟ್ ಉತ್ತರಗಳನ್ನು ಓದಿದ್ದೀರಾ? "ಸರಕಾರ ಪ್ರತಿ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ. (ಬಿ) ಮತ್ತು (ಸಿ): ಪ್ರಶ್ನೆ ಉದ್ಭವಿಸುವುದಿಲ್ಲ." ಮುಗಿಯಿತು. ಇವರನ್ನು ನಂಬಿ ಕೂರುವ ಬದಲು ಜನರಿಗೆ ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವುದು) ಮಾಡಲು ಹೇಳಿ.

ಬದಿಯಡ್ಕದ ಮಾಷ್ಟ್ರು (ರಿಟೈರ್ಡ್):

ಎಸ್‌ಐಪಿ ವಿಷಯ ಆಮೇಲೆ ಮಾತಾಡುವ. ಬೀಡಿ ಕಟ್ಟಿ ತಿಂಗಳಿಗೆ ಸಾವಿರ ಉಳಿಸುವವರಿಗೆ ಮಾರ್ಕೆಟ್ ಬಿದ್ದ ವರ್ಷವೇ ಮಗಳ ಮದುವೆ ಬಂದರೆ ಎಂತ ಮಾಡುವುದು, ಅದನ್ನು ಹೇಳಿ ಮಾರಾಯ್ರೆ.

ಅಕ್ಕ, ಆ 5.8 ಹಾಕಿದ್ದು ದೆಹಲಿಯ ಹಣಕಾಸು ಸಚಿವಾಲಯ. ಮೂರು ತಿಂಗಳಿಗೊಮ್ಮೆ ಒಂದು ಸುತ್ತೋಲೆ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ ಆರ್‌ಡಿಯನ್ನು 7.2ರಿಂದ 5.8ಕ್ಕೆ, ಪಿಪಿಎಫ್ (ಹದಿನೈದು ವರ್ಷದ ಉಳಿತಾಯ ಯೋಜನೆ) ಅನ್ನು 7.9ರಿಂದ 7.1ಕ್ಕೆ ಇಳಿಸಿದರು. ಆರ್‌ಡಿ ತೆರೆದ ದಿನದ ದರವೇ ಐದು ವರ್ಷಕ್ಕೂ ಗಟ್ಟಿ. ನಡುವೆ ಏರಿದರೂ ಹಳಬರಿಗೆ ಸಿಗುವುದಿಲ್ಲ. ಹಾಗಾಗಿ ಆ ನೆರೆಮನೆಯವರ ಲೆಕ್ಕದಲ್ಲಿ ನಿಮ್ಮದು ಏನೂ ತಪ್ಪಿಲ್ಲ, ಅವರಿಗೆ ಧೈರ್ಯವಾಗಿ ಹೇಳಿ.

ಇನ್ನು ಮನವಿ. "ಹೆಚ್ಚಿಸಿ" ಅಂತ ಬರೆಯಬೇಡಿ. ಅದಕ್ಕೆ "ಪರಿಶೀಲಿಸುತ್ತೇವೆ" ಅನ್ನುವುದು ಬಹಳ ಸುಲಭ. ಅಂಕಿ ಕೇಳಿ, ತಾರೀಕು ಹಾಕಿ ಕೇಳಿ. ಈ ಬಡ್ಡಿಗೆ ಒಂದು ಸೂತ್ರ ಉಂಟು. ಶ್ಯಾಮಲಾ ಗೋಪಿನಾಥ್ ಸಮಿತಿ 2011ರಲ್ಲಿ ಕೊಟ್ಟದ್ದು: ಅಷ್ಟೇ ಅವಧಿಯ ಸರಕಾರಿ ಬಾಂಡ್‌ಗೆ ಮಾರ್ಕೆಟ್‌ನಲ್ಲಿ ಎಷ್ಟು ಸಿಗುತ್ತದೋ ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುವುದು, ಹೆಚ್ಚಿನ ಯೋಜನೆಗಳಿಗೆ ಕಾಲು ಪರ್ಸೆಂಟ್, ಹಿರಿಯ ನಾಗರಿಕರ ಯೋಜನೆಗೆ ಒಂದು ಪರ್ಸೆಂಟ್. ಸರಕಾರ ಇದನ್ನು ಒಪ್ಪಿದೆ (ಆರ್‌ಡಿಗೆ ಮಾತ್ರ ಆ ಕಾಲು ಪರ್ಸೆಂಟನ್ನು 2016ರಲ್ಲಿ ತೆಗೆದರು), ಆದರೆ ಪ್ರತಿ ಸಲ ಪಾಲಿಸುವುದಿಲ್ಲ. ಅಲ್ಲಿಯೇ ಹಿಡಿಯಬೇಕು.

ಒಂದು ಎಚ್ಚರಿಕೆ ಮಾತ್ರ. 2021ರ ಬಗ್ಗೆ ಕೇಳಿದರೆ ಉತ್ತರ ನಿಮಗೇ ತಿರುಗಿ ಬರುತ್ತದೆ. ಕೋವಿಡ್ ಸಮಯದಲ್ಲಿ ಬಾಂಡ್ ಬಡ್ಡಿ ನೆಲ ಕಚ್ಚಿತ್ತು, ಸೂತ್ರಕ್ಕಿಂತ ಜಾಸ್ತಿಯೇ ಕೊಟ್ಟಿದ್ದರು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಸರಕಾರ ಸಿಕ್ಕಿಬೀಳುವುದು 2022ರಲ್ಲಿ. ಆ ವರ್ಷ ಮೇ ತಿಂಗಳಿಂದ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) 4ರಿಂದ ಏರುತ್ತಾ ಹೋಗಿ ಡಿಸೆಂಬರ್‌ಗೆ 6.25 ಆಯಿತು, 2023ರ ಫೆಬ್ರವರಿಗೆ 6.5. ಸಾಲದ ಕಂತು ಎಲ್ಲರಿಗೂ ಏರಿತು. ಆರ್‌ಡಿ ಮಾತ್ರ 2023ರ ಮಾರ್ಚ್ ಕೊನೆಯವರೆಗೂ ಅದೇ 5.8! ಆ ತಿಂಗಳುಗಳಲ್ಲಿ ಆರ್‌ಡಿ ಪುಸ್ತಕ ಮಾಡಿದವರು ಐದು ವರ್ಷಕ್ಕೆ ಕಟ್ಟಿಬಿದ್ದರು. ಮನವಿಯಲ್ಲಿ ಇರಬೇಕಾದದ್ದು ಇದು.

ಎಂಪಿಗೆ ದಿನಕ್ಕೆ ಇಂತಿಷ್ಟೇ ಪ್ರಶ್ನೆ ಅಂತ ಮಿತಿ ಉಂಟು, ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು, ಚೀಟಿ ಎತ್ತುವುದರಲ್ಲಿ ಹೆಸರು ಬರಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಉತ್ತರಿಸಬೇಕಾದ) ಪ್ರಶ್ನೆ, ಅದರಲ್ಲೂ ಬಾಯಿ ಮಾತಿನ ಉತ್ತರದ ತನಕ ಬರುವುದು ಬೆರಳೆಣಿಕೆಯಷ್ಟು. ಉಳಿದದ್ದಕ್ಕೆಲ್ಲ ಲಿಖಿತ ಉತ್ತರ. ನಮಗೆ ಅದೇ ಒಳ್ಳೆಯದು, ಪಟ್ಟಿ ಹಾಕಿ ಕೊಡಲೇಬೇಕಾಗುತ್ತದೆ.

ಪೆರ್ಲದವ:

ಮಾಷ್ಟ್ರೇ, ಪಟ್ಟಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಆಮೇಲೆ? ಆ ಪಟ್ಟಿ ಬ್ಯಾಂಕಲ್ಲಿ ನಡೆಯುತ್ತದಾ?

ಬದಿಯಡ್ಕದ ಮಾಷ್ಟ್ರು (ರಿಟೈರ್ಡ್):

1957ರದ್ದು ಕೇಳಿದ್ದೀರಾ? ಎಲ್‌ಐಸಿ ಸರಕಾರದ ಕೈಗೆ ಬಂದು ಒಂದು ವರ್ಷ ಆಗಿತ್ತಷ್ಟೇ. ಪಾಲಿಸಿ ಕಟ್ಟಿದವರ ಒಂದು ಕೋಟಿಗೂ ಮೇಲಿನ ದುಡ್ಡನ್ನು ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಮುಳುಗುತ್ತಿದ್ದ ಕಂಪೆನಿಗಳ ಶೇರಿಗೆ ಹಾಕಿದ್ದರು. ಅದನ್ನು ಲೋಕಸಭೆಯಲ್ಲಿ ಎಳೆದು ಹಾಕಿದವರು ಫಿರೋಜ್ ಗಾಂಧಿ. ವಿರೋಧ ಪಕ್ಷದವರಲ್ಲ, ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ. ಎಷ್ಟು ಶೇರು, ಯಾವ ದಿನ, ಮಾರ್ಕೆಟ್‌ನಲ್ಲಿ ಎಷ್ಟು, ಕೊಂಡದ್ದು ಎಷ್ಟಕ್ಕೆ, ಹೀಗೆ ಒಂದೊಂದಾಗಿ ಮುಂದಿಟ್ಟರು. ಛಾಗ್ಲಾ ಆಯೋಗ ಬಂತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಂಕಿ ಕೈಯಲ್ಲಿ ಇಲ್ಲದಿದ್ದರೆ ಅವತ್ತೂ "ಪರಿಶೀಲಿಸುತ್ತೇವೆ" ಅಂತಲೇ ಹೇಳುತ್ತಿದ್ದರು.

ಎಲ್ಲ ಸಲ ಹಾಗಾಗುವುದಿಲ್ಲ, ಗೊತ್ತು. ಈಗಿನ ಎಂಪಿಗಳು ಅಷ್ಟು ಓದಿಕೊಂಡು ಬರುವುದೂ ಇಲ್ಲ.

ಉಪ್ಪಳದ ಹುಡುಗ:

2021ರ ಮಾರ್ಚ್ 31 ನೆನಪಿದೆಯಾ ಯಾರಿಗಾದರೂ? ರಾತ್ರಿ ಆರ್‌ಡಿ 5.3, ಪಿಪಿಎಫ್ 6.4 ಅಂತ ಆದೇಶ. ಬೆಳಗ್ಗೆ ಎದ್ದು ನೋಡಿದರೆ ಹಣಕಾಸು ಸಚಿವೆ ಟ್ವೀಟ್ ಮಾಡಿದ್ದಾರೆ, ಅದು ಕಣ್ತಪ್ಪಿನಿಂದ ಆದದ್ದು, ವಾಪಸ್ ಅಂತ. ಬಂಗಾಳದಲ್ಲಿ ಅವತ್ತೇ ವೋಟು, ನಮ್ಮಲ್ಲಿ ಏಪ್ರಿಲ್ 6ಕ್ಕೆ. ಎಂಪಿಗಿಂತ ಚುನಾವಣೆ ಪವರ್‌ಫುಲ್ ಅಂತ ನನ್ನ ಅಭಿಪ್ರಾಯ 😄

ಮುಳ್ಳೇರಿಯಾ ಲೆಕ್ಕಿಗ:

ಎಲ್ಲರೂ ದೆಹಲಿ ಕಡೆಗೇ ನೋಡುತ್ತಿದ್ದೀರಿ. ತಿರುವನಂತಪುರವನ್ನೂ ಸ್ವಲ್ಪ ನೋಡಿ.

ಪೋಸ್ಟ್ ಆಫೀಸಿಗೆ ಕಟ್ಟಿದ ದುಡ್ಡು ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಹೋಗುತ್ತದೆ, 1999ರಲ್ಲಿ ಶುರುವಾದದ್ದು. ಮೊದಲು ಅದರಿಂದ ಎಲ್ಲ ರಾಜ್ಯಗಳಿಗೂ ಸಾಲ ಸಿಗುತ್ತಿತ್ತು. 14ನೇ ಹಣಕಾಸು ಆಯೋಗ ಹೇಳಿದ ಮೇಲೆ 2016ರಿಂದ ಹೆಚ್ಚಿನ ರಾಜ್ಯಗಳು ಹೊರಗೆ ಬಂದವು, ಕರ್ನಾಟಕ ಕೂಡ. ಒಳಗೆ ಉಳಿದದ್ದು ಅರುಣಾಚಲ, ದೆಹಲಿ, ಮಧ್ಯಪ್ರದೇಶ, ಮತ್ತೆ ನಮ್ಮ ಕೇರಳ. ಕೇರಳಕ್ಕೆ ಇಲ್ಲಿನ ನಿವ್ವಳ ಸಂಗ್ರಹದ ಅರ್ಧ ಸಾಲವಾಗಿ ಬರುವುದು ಅಂತ ಲೆಕ್ಕ. ಅಂದರೆ ತಲಪಾಡಿ ದಾಟಿ ಮಂಗಳೂರಲ್ಲಿ ಕಟ್ಟಿದ ಆರ್‌ಡಿಯಿಂದ ಬೆಂಗಳೂರಿಗೆ ಸಾಲ ಇಲ್ಲ, ಕುಂಬಳೆಯಲ್ಲಿ ಕಟ್ಟಿದ್ದರಲ್ಲಿ ತಿರುವನಂತಪುರಕ್ಕೆ ಪಾಲು ಉಂಟು. ಆ ಸಾಲಕ್ಕೆ ರಾಜ್ಯ ಎಷ್ಟು ಬಡ್ಡಿ ಕೊಡುತ್ತದೆ, ಕಟ್ಟಿದವರಿಗೆ ಸಿಗುವುದು ಎಷ್ಟು? ಇದನ್ನು ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಬಹುದಲ್ವಾ.

ಇನ್ನೂ ಒಂದು. ಕೇರಳದ ಟ್ರೆಷರಿಯಲ್ಲೂ (ಸರಕಾರಿ ಖಜಾನೆ) ಜನ ಡಿಪಾಸಿಟ್ ಇಡಬಹುದು. ಆ ದುಡ್ಡನ್ನೂ ರಾಜ್ಯದ ಸಾಲದ ಮಿತಿಯೊಳಗೇ ಸೇರಿಸುತ್ತೇವೆ ಅಂತ ಕೇಂದ್ರ, ಸೇರಿಸಬಾರದು ಅಂತ ರಾಜ್ಯ. 2023ರ ಡಿಸೆಂಬರ್‌ನಲ್ಲಿ ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲ್ 1ಕ್ಕೆ ಅದು ಸಂವಿಧಾನ ಪೀಠಕ್ಕೆ ಹೋಯಿತು. ರಾಜ್ಯವೇನೂ ಸಾಚಾ ಅಲ್ಲ, ಕಿಫ್ಬಿ (ರಸ್ತೆ, ಸೇತುವೆಗೆ ಸಾಲ ಎತ್ತುವ ರಾಜ್ಯದ ಸಂಸ್ಥೆ) ಹೆಸರಲ್ಲಿ ಬಜೆಟ್ ಹೊರಗೆ ಸಾಲ ಎತ್ತಿದ್ದಕ್ಕೆ ಸಿಎಜಿ (ಸರಕಾರದ ಲೆಕ್ಕ ತಪಾಸಣೆ ಮಾಡುವವರು) ಬೈದಿದೆ. ಕೇಂದ್ರವೂ ಅದನ್ನೇ ಮಾಡಿದ್ದು. ಆಹಾರ ನಿಗಮಕ್ಕೆ ಸಬ್ಸಿಡಿ ದುಡ್ಡು ಕೊಡುವ ಬದಲು ಇದೇ ಸಣ್ಣ ಉಳಿತಾಯ ನಿಧಿಯಿಂದ ಸಾಲ ಕೊಡಿಸಿ ಬಜೆಟ್ ಕೊರತೆಯನ್ನು ಕಡಿಮೆ ತೋರಿಸುತ್ತಿದ್ದರು. ಸಿಎಜಿ ಅದನ್ನೂ ಬಿಡಲಿಲ್ಲ. ಕೊನೆಗೆ 2021ರ ಬಜೆಟ್‌ನಲ್ಲಿ ನಿಲ್ಲಿಸಿದರು. ಪೆರ್ಲದವರೇ, ಬರೆದ ಪಟ್ಟಿಗೆ ಅಷ್ಟಾದರೂ ಬೆಲೆ ಉಂಟು.

ಪೆರ್ಲದವ:

ಸರಿ, ಅದು ಒಪ್ಪಿದೆ. ಎಸ್‌ಐಪಿ ಮಾತ್ರ ಬಿಡುವುದಿಲ್ಲ.

ಕುಂಬಳೆಯ ಆರ್‌ಡಿ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರ್ಧದಷ್ಟು ತಲೆಗೆ ಹೋಯಿತು, ಉಳಿದದ್ದನ್ನು ರಾತ್ರಿ ಕೂತು ಓದುತ್ತೇನೆ. ಮಾಷ್ಟ್ರೇ, ನೀವೇ ಒಂದು ನಾಲ್ಕು ಸಾಲು ಬರೆದು ಕೊಟ್ಟರೆ ನಾವು ಸಹಿ ಹಾಕಿಸುತ್ತೇವೆ.

ಬದಿಯಡ್ಕದ ಮಾಷ್ಟ್ರು (ರಿಟೈರ್ಡ್):

ಹೀಗೆ ಬರೆಯಿರಿ ಅಕ್ಕ.

"ಹಣಕಾಸು ಸಚಿವರು ದಯವಿಟ್ಟು ತಿಳಿಸಬೇಕು: (ಎ) 2022ರ ಜುಲೈಯಿಂದ 2023ರ ಮಾರ್ಚ್ ತನಕ ಪ್ರತಿ ಮೂರು ತಿಂಗಳಿಗೆ ಸೂತ್ರದ ಪ್ರಕಾರ ಐದು ವರ್ಷದ ಆರ್‌ಡಿಗೆ ಎಷ್ಟು ಬಡ್ಡಿ ಬರಬೇಕಿತ್ತು, ಕೊಟ್ಟದ್ದು ಎಷ್ಟು, (ಬಿ) ಕಡಿಮೆ ಕೊಟ್ಟಿದ್ದರೆ ಕಾರಣ ಏನು, (ಸಿ) ಆ ಅವಧಿಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ತೆರೆದ ಆರ್‌ಡಿ ಖಾತೆ ಎಷ್ಟು, (ಡಿ) ದರ ಏರಿದಾಗ ಹಳೆಯ ಆರ್‌ಡಿಗೂ ಅದನ್ನು ಕೊಡುವ ಆಲೋಚನೆ ಉಂಟಾ."

(ಡಿ)ಗೆ "ಇಲ್ಲ" ಅಂತಲೇ ಬರುತ್ತದೆ, ಬರಲಿ. ಇಂಗ್ಲಿಷ್ ಪ್ರತಿಯನ್ನು ನಾನು ಮಾಡಿ ಕೊಡುತ್ತೇನೆ. ಮುಳ್ಳೇರಿಯಾದವರು ಶಾಸಕರಿಗೆ ಕೊಡುವುದನ್ನು ಮಲಯಾಳದಲ್ಲಿ ಬರೆಯಲಿ, ಕನ್ನಡದ ಪ್ರತಿಯೂ ಜೊತೆಗೆ ಇರಲಿ. ನೋಟಿಸ್‌ಗೆ ಹದಿನೈದು ದಿನ ಬೇಕು, ಅಧಿವೇಶನದ ತಾರೀಕು ನೋಡಿಕೊಂಡು ಕೊಡಿ.