ಸಂಗೀತದ ಮಾಸ್ತರಿಕಿ ಮಾಡಿದರೆ ಹಾಡುಗಾರಿಕೆ ಹಿಂದೆ ಬೀಳುತ್ತದೆಯೇ?

ಹುಬ್ಬಳ್ಳಿ_ತಂಬೂರಿ:
ಬಿ.ಎಸ್ಸಿ. ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಒಂಬತ್ತು ವರ್ಷದಿಂದ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಸಂಗೀತದಲ್ಲೇ ಎಂ.ಎ., ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಮುಗಿಸಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಆಸೆ. ಮೊನ್ನೆ ಗುರುಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು "ಮಾಸ್ತರಿಕಿ ಹಿಡದವರು ಹಾಡವರಾಗಿ ಉಳಿಯೂದಿಲ್ಲ, ಪಿರಿಯಡ್ಡು ಗಂಟಲಾ ತಿಂತದ" ಅಂದುಬಿಟ್ಟರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಎರಡನ್ನೂ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಧಾರವಾಡದ_ಅಕ್ಕೋರು:
ತಂಗಿ, ಇಪ್ಪತ್ತೆಂಟು ವರ್ಷ ಸಂಗೀತ ಕಲಿಸಿ ನಿವೃತ್ತಿ ಆಗೇನಿ. ಗಂಟಲಾ ತಿಂತದ ಅನ್ನೂದು ಖರೇನ. ಒಂದ ಕ್ಲಾಸಿನ್ಯಾಗ ಹುಡುಗ್ಯಾರು ಕಾಳಿ ನಾಲ್ಕಕ್ಕ, ಅಂದ್ರ ಹಾರ್ಮೋನಿಯಂನ ನಾಲ್ಕನೇ ಕರಿ ಪಟ್ಟಿ ಶ್ರುತಿಗೆ, ಹಾಡ್ತಾರ, ಹುಡುಗರು ಕಾಳಿ ಒಂದಕ್ಕ. ಹುಡುಗರ ಪಟ್ಟಿಗೆ ನಾ ಹಾಡಿದ್ರ ಕೆಳಗಿನ ಮಂದ್ರ ಸಿಗೂದಿಲ್ಲ, ಮ್ಯಾಲಿನ ತಾರಕ್ಕ ಹೋದ್ರ ಚೀರಿದಂಗ ಆಗ್ತದ. ಮೊದಲ ಎರಡು ವರ್ಷ ಹಂಗ ಮಾಡಿ ಧ್ವನಿ ಕೆಡಿಸಿಕೊಂಡೆ. ಆಮ್ಯಾಲೆ ಹುಡುಗರಿಗೆ ಬ್ಯಾರೆ ಪಿರಿಯಡ್ ಮಾಡಿದೆ. ಅಲ್ಲಿ ಎಂ.ಎ. ಹುಡುಗ ಒಬ್ಬಾವ ಹಾಡಿ ತೋರಿಸ್ತಿದ್ದ, ನಾ ತಿದ್ದತಿದ್ದೆ.

ಕಿರಾನಾದ ದೊಡ್ಡ ಗಾಯಕಿ ಪ್ರಭಾ ಅತ್ರೆಯವರನ್ನ ನೋಡು. ನಿನ್ನಂಗ ವಿಜ್ಞಾನ ಓದಿದವರು, ಮ್ಯಾಲೆ ಕಾನೂನು ಪದವಿನೂ ತಗೊಂಡವರು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೆಕರ್ ಅವರ ಕಡೆ ಕಲಿತರು, ಆಕಾಶವಾಣಿದಾಗ ದುಡಿದರು, ಮುಂಬೈನ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಾಗ ಸಂಗೀತ ವಿಭಾಗದ ಮುಖ್ಯಸ್ಥರಾದರು. ಅಲ್ಲಿರೂ ಮುಂದನ, 1990ರಾಗ, ಪದ್ಮಶ್ರೀ ಬಂತು. 2022ರಾಗ ಪದ್ಮವಿಭೂಷಣ. ಖ್ಯಾಲಿನ್ಯಾಗ ಸರಗಮ್, ಅಂದ್ರ ಸ ರಿ ಗ ಅಂತ ಸ್ವರದ ಹೆಸರು ಹಿಡದು, ಹಾಡೂದಕ್ಕ ಮೂಗು ಮುರಿಯೋ ಮಂದಿ ಇದ್ದರು. ಪ್ರಭಾ ಅವರು ಅದನ್ನ ಬೈಠಕ್ಕಿನ್ಯಾಗ ಹಾಡಿದರು, ಅದರ ಮ್ಯಾಲೇ ಪಿಎಚ್.ಡಿ.ನೂ ಮಾಡಿದರು. ನಮ್ಮ ಕಿರಾನಾಕ್ಕ ಸರಗಮ್ ಬಂದದ್ದು ಹೀರಾಬಾಯಿಯವರ ತಂದಿ ಅಬ್ದುಲ್ ಕರೀಮ್ ಖಾನ್ ಸಾಹೇಬರಿಂದ. ಅವರು ಮೈಸೂರು ಆಸ್ಥಾನಕ್ಕ ಹೋಗಿ ಬಂದು ಮಾಡತಿದ್ದವರು, ದಕ್ಷಿಣಾದಿ ಸಂಗೀತ ಮನಸ್ಸಿಟ್ಟು ಕೇಳಿದವರು.

ನಂದ ಒಂದು ಹೇಳ್ತೀನಿ. ಮೊದಲ ವರ್ಷದ ಹುಡುಗಿ ಒಬ್ಬಾಕಿ "ಅಕ್ಕೋರ, ಭೂಪ ದೇಶಕಾರ ಎರಡಕ್ಕೂ ಸ್ವರ ಅವ ಐದು, ಮತ್ತ ಎರಡು ರಾಗ ಯಾಕ್ರಿ?" ಅಂತ ಕೇಳಿದಳು. ಎರಡೂ ಎಷ್ಟೋ ಸಲ ಹಾಡಿದ್ದೆ. ಭೂಪಕ್ಕ ಗಾಂಧಾರ ವಾದಿ (ಮುಖ್ಯ ಸ್ವರ), ದೇಶಕಾರಕ್ಕ ಧೈವತ ಅಂತ ಪುಸ್ತಕದ ಉತ್ತರ ಕೊಟ್ಟೆ. ಆಕಿ ತಲ್ಯಾಗ ಅದು ಇಳೀಲಿಲ್ಲ. ತಂಬೂರಿ ತಗೊಂಡು ಗಾಂಧಾರದ ಮ್ಯಾಲೆ ಕೂತು ತೋರಿಸಿದೆ, ಆಮ್ಯಾಲೆ ಮ್ಯಾಲಿನಿಂದ ಇಳದು ಧೈವತಕ್ಕ ನಿಂತೆ, ರಿಷಭ ಸುಮ್ಮನ ಮುಟ್ಟಿ ಬಿಟ್ಟೆ. ಅರ್ಧ ತಾಸು ಹೋತು. ನನ್ನ ದೇಶಕಾರದಾಗ ಅಲ್ಲೀತನಕ ಭೂಪ ನುಸುಳತಿತ್ತು ಅನ್ನೂದು ಅವತ್ತ ನನಗ ಕೇಳಿಸಿತು.

ಐದು_ಮನೆ_ಮೈಸೂರು:
ಅಕ್ಕೋರಿಗೆ ನಮಸ್ಕಾರ. ಕಾಯಂ ಹುದ್ದೆ ಇದ್ದರೆ ಇದೆಲ್ಲ ಸಾಧ್ಯ. ನಾನು ಆರು ವರ್ಷದಿಂದ ಕರ್ನಾಟಕ ಸಂಗೀತದ ಅತಿಥಿ ಉಪನ್ಯಾಸಕಿ. ರಜೆಯ ತಿಂಗಳು ಸಂಬಳವಿಲ್ಲ. ಕಚೇರಿಗೆ ಹೋಗಲು ಎರಡು ದಿನ ಕೇಳಿದ್ದಕ್ಕೆ ಒಂದು ಕಾಲೇಜಿನಲ್ಲಿ ಆ ಪಿರಿಯಡ್‌ಗಳ ಹಣ ಹಿಡಿದರು, ಆ ನೋವು ಇನ್ನೂ ಇದೆ. ಹುಬ್ಬಳ್ಳಿಯವರೇ, ನೆಟ್‌ಗೆ ಹಾಡಿದರೆ ಸಾಲದು. ನಾಟ್ಯಶಾಸ್ತ್ರ, ಬೃಹದ್ದೇಶಿ, ಸಂಗೀತರತ್ನಾಕರದಂಥ ಹಳೆಯ ಶಾಸ್ತ್ರಗ್ರಂಥಗಳ ಓದು ಈಗಲೇ ಶುರು ಮಾಡಿ. ನಾನು ತಡ ಮಾಡಿದೆ.

ಹುಬ್ಬಳ್ಳಿ_ತಂಬೂರಿ:
ಇಬ್ಬರಿಗೂ ತುಂಬಾ ಧನ್ಯವಾದ. ಅಕ್ಕೋರೇ, ಕೆಲಸದ ದಿನಗಳಲ್ಲಿ ನಿಮ್ಮ ರಿಯಾಜ್ (ಸ್ವಂತ ಅಭ್ಯಾಸ) ಯಾವಾಗ ಇರುತ್ತಿತ್ತು?

ಧಾರವಾಡದ_ಅಕ್ಕೋರು:
ನಸುಕಿನ ನಾಲ್ಕೂವರಿಯಿಂದ ಆರರ ತನಕ. ಮೊದಲ ಅರ್ಧ ತಾಸು ಬರೇ ಖರಜ, ಅಂದ್ರ ಮಂದ್ರದ ಕೆಳಗಿನ ಸ್ವರ. ಕ್ಲಾಸಿನ್ಯಾಗ ಹಾಡಿದ್ದನ್ನ ರಿಯಾಜ್ ಅಂತ ಲೆಕ್ಕಾ ಹಿಡೀಬ್ಯಾಡ, ಅದು ಹುಡುಗರ ಪಾಲಿಂದು. ಐದು ಮನೆಯವರ, ಹಣ ಹಿಡಿದದ್ದು ಕೇಳಿ ಭಾಳ ಕೆಟ್ಟ ಅನಿಸ್ತು. ಧಾರವಾಡಕ್ಕ ಹಾಡಾಕ ಬಂದ್ರ ನಮ್ಮನಿಯಾಗ ಉಳೀರಿ.